ಮಹಾಪ್ರಬಂಧಗಳ ಡಿಜಿಟಲ್ ಭಂಡಾರ ಮತ್ತು ಕನ್ನಡ ಪಠ್ಯದ ಪ್ರಶ್ನೆ

ಪಿಎಚ್.ಡಿ. ಮಹಾಪ್ರಬಂಧದ ಬಾಳು ವಿಚಿತ್ರವಾದುದು. ಅದು ಅಚ್ಚಾದ ಗ್ರಂಥವಲ್ಲ, ಹಾಗೆಂದು ಹಸ್ತಪ್ರತಿಯೂ ಅಲ್ಲ. ನಾಲ್ಕಾರು ಪ್ರತಿಗಳಲ್ಲಿ ಸಿದ್ಧವಾಗಿ, ಪರೀಕ್ಷಕರ ಕೈದಾಟಿ, ಮೌಖಿಕ ಪರೀಕ್ಷೆಯ ದಿನ ಎಲ್ಲರ ಎದುರು ಒಮ್ಮೆ ತೆರೆದುಕೊಂಡು, ಆಮೇಲೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು, ಅಧ್ಯಯನ ವಿಭಾಗದ ಕಪಾಟಿನಲ್ಲಿ ಒಂದು, ಮಾರ್ಗದರ್ಶಕರ ಮನೆಯಲ್ಲಿ ಒಂದು ಎಂದು ಚದುರಿ ನಿಲ್ಲುತ್ತದೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966), ಎಂ.ಎಂ. ಕಲಬುರ್ಗಿಯವರ 'ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ' ಇಂತಹ ಪ್ರಬಂಧಗಳು ಗ್ರಂಥರೂಪದಲ್ಲಿ ಬಂದುದರಿಂದಲೇ ಮುಂದಿನ ತಲೆಮಾರಿನ ಸಂಶೋಧನೆಗೆ ತಳಪಾಯವಾದವು. ಅಚ್ಚಿನ ಭಾಗ್ಯ ಕಾಣದ ಪ್ರಬಂಧಗಳ ಸಂಖ್ಯೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಮಠಗಳ ಅಟ್ಟದಿಂದ ತಾಳೆಗರಿಗಳನ್ನು ಹುಡುಕಿ ತಂದು ಪಾಠಾಂತರಗಳನ್ನು ಗುರುತಿಸಿದ ಪರಂಪರೆ ನಮ್ಮದು. ಅದೇ ಪರಂಪರೆ ತಾನೇ ಬರೆಸಿದ, ತಾನೇ ಪರೀಕ್ಷಿಸಿದ, ತಾನೇ ಪದವಿ ಕೊಟ್ಟ ಬರಹವನ್ನು ಎಲ್ಲಿಟ್ಟಿದೆಯೆಂದು ಕೇಳಿದರೆ ಉತ್ತರ ಸುಲಭವಲ್ಲ.

ಈ ಪ್ರಶ್ನೆಗೆ ಈಗ ಒಂದು ಸಿದ್ಧ ಉತ್ತರವಿದೆ: ಎಲ್ಲವೂ ಶೋಧಗಂಗಾದಲ್ಲಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಪದವಿ ಘೋಷಣೆಯ ನಂತರ ಮೂವತ್ತು ದಿನಗಳೊಳಗೆ ಸಲ್ಲಿಸಬೇಕೆಂದು ವಿಧಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅವುಗಳನ್ನು ಶೋಧಗಂಗಾ ಎಂಬ ಭಂಡಾರದಲ್ಲಿ ಇರಿಸತೊಡಗಿತು. 2016ರ ನಿಯಮಾವಳಿ ಇನ್ನೂ ಬಿಗಿಯಾಗಿ, ಪದವಿ ಘೋಷಣೆಗೆ ಮೊದಲೇ ಈ ಪ್ರತಿ ಸಲ್ಲಿಕೆಯಾಗಬೇಕೆಂದಿತು. 2022ರ ನಿಯಮಾವಳಿಯೂ ಇದನ್ನೇ ಮುಂದುವರಿಸಿದೆ. ಇಂದು ಆ ಭಂಡಾರದಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ. ಯಾರು ಬೇಕಾದರೂ ಹಣ ಕೊಡದೆ ತೆರೆದು ಓದಬಹುದು. ಇದು ಸಣ್ಣ ಸಾಧನೆಯಲ್ಲ. ಆದರೂ ಕನ್ನಡದ ಮಟ್ಟಿಗೆ ಈ ಉತ್ತರ ಅರ್ಧ ಮಾತ್ರ ನಿಜವೆಂಬುದು ನನ್ನ ವಾದ. ನಿಯಮ ಕೇಳಿದ್ದು ಒಂದು ಕಡತವನ್ನು. ಕಡತ ಸಲ್ಲಿಕೆಯಾಗಿದೆ. ಪಠ್ಯ ಸಲ್ಲಿಕೆಯಾಗಿಲ್ಲ.

ಈ ವ್ಯತ್ಯಾಸವನ್ನು ವಿವರಿಸುವ ಮೊದಲು ಬೇರೆ ರಾಷ್ಟ್ರಗಳು ಪ್ರಬಂಧಗಳನ್ನು ಹೇಗೆ ಒದಗಿಸಿವೆ ಎಂಬುದನ್ನು ನೋಡುವುದು ಉಚಿತ. ತಂತ್ರಜ್ಞಾನ ಎಲ್ಲ ಕಡೆಯೂ ಹೆಚ್ಚುಕಡಮೆ ಒಂದೇ. ಬೇರೆಯಾಗಿರುವುದು ಅದರ ಹಿಂದಿನ ಸಂಪ್ರದಾಯ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯವು 1997ರಿಂದ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿ ಈ ಚಳುವಳಿಗೆ ನಾಂದಿ ಹಾಡಿತು ಎಂಬುದು ಗೊತ್ತಿರುವ ಸಂಗತಿ. ಆದರೆ ರಾಷ್ಟ್ರಮಟ್ಟದ ಚಿಂತನೆ ನೋಡಬೇಕಾದರೆ ಯುರೋಪಿಗೆ ಹೋಗಬೇಕು. ಜರ್ಮನಿಯಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಪ್ರಕಟಿಸುವುದು ಪದವಿಯ ಒಂದು ಭಾಗವೇ ಆಗಿದೆ. ಪ್ರಕಟಿಸದೆ 'ಡಾಕ್ಟರ್' ಎಂದು ಕರೆಸಿಕೊಳ್ಳುವ ಪೂರ್ಣ ಹಕ್ಕು ಸಾಮಾನ್ಯವಾಗಿ ದೊರೆಯುವುದಿಲ್ಲ. ಹಿಂದೆ ಅಭ್ಯರ್ಥಿ ನಿಗದಿತ ಸಂಖ್ಯೆಯ ಮುದ್ರಿತ ಪ್ರತಿಗಳನ್ನು ಗ್ರಂಥಾಲಯಕ್ಕೆ ಒಪ್ಪಿಸಬೇಕಿತ್ತು. ಆ ಮುದ್ರಣದ ಸ್ಥಾನಕ್ಕೆ ಗಣಕ ಪ್ರತಿ ಬಂದಾಗ ಜರ್ಮನ್ ರಾಷ್ಟ್ರೀಯ ಗ್ರಂಥಾಲಯ 1998ರಿಂದ ಅದನ್ನು ಸಂಗ್ರಹಿಸತೊಡಗಿತು. ಅಲ್ಲಿ ವಿದ್ಯುನ್ಮಾನ ಪ್ರತಿ ಎಂದರೆ ಪ್ರಕಟಣೆ. ಹೀಗಾಗಿ ಅದು ಓದಲು ತಕ್ಕ ರೂಪದಲ್ಲಿರಬೇಕೆಂಬುದನ್ನು ಯಾರೂ ಬೇರೆಯಾಗಿ ಹೇಳಬೇಕಾಗಿ ಬರಲಿಲ್ಲ.

ಫ್ರಾನ್ಸ್ ರಾಜ್ಯಾಧಿಕಾರದ ದಾರಿ ಹಿಡಿಯಿತು. 2006ರಲ್ಲಿ ವಿಶ್ವವಿದ್ಯಾಲಯಗಳು ವಿದ್ಯುನ್ಮಾನ ಸಲ್ಲಿಕೆಯನ್ನು ಆರಿಸಿಕೊಳ್ಳಬಹುದೆಂದು ಆದೇಶ ಬಂದಿತು. 2016ರ ಮೇ ತಿಂಗಳ ಆದೇಶ ಅದನ್ನು ಕಡ್ಡಾಯ ಮಾಡಿತು. ಎಲ್ಲ ವಿಶ್ವವಿದ್ಯಾಲಯಗಳ ಪ್ರಬಂಧಗಳೂ ಒಂದೇ ರಾಷ್ಟ್ರೀಯ ವ್ಯವಸ್ಥೆಯ ಮೂಲಕ ಹಾದುಹೋಗುತ್ತವೆ. ನಮಗೆ ಇಲ್ಲಿ ಗಮನಾರ್ಹವಾದುದು ಭಾಷೆಯ ವಿಷಯದಲ್ಲಿ ಅವರು ತಳೆದ ನಿಲುವು. ಪ್ರಬಂಧ ಬೇರೆ ಭಾಷೆಯಲ್ಲಿದ್ದರೆ ಅದರೊಡನೆ ಫ್ರೆಂಚ್ ಭಾಷೆಯ ಸಾರಾಂಶ ಇರಲೇಬೇಕು. ಸಲ್ಲಿಕೆಯ ನಿಯಮದಲ್ಲಿಯೇ ಭಾಷೆಯ ಪ್ರಶ್ನೆಯನ್ನು ಸೇರಿಸಿದ ನಿದರ್ಶನವಿದು.

ಬ್ರಿಟನ್ನಿನ ಮಾರ್ಗ ಓದುಗನಿಂದ ಹೊರಟದ್ದು. ಯಾರ್ಕ್‌ಷೈರಿನ ಬೋಸ್ಟನ್ ಸ್ಪಾದಲ್ಲಿದ್ದ ಬ್ರಿಟಿಷ್ ಲೈಬ್ರರಿಯ ವಿಭಾಗ ದಶಕಗಳ ಕಾಲ ಪ್ರಬಂಧಗಳ ಮೈಕ್ರೋಫಿಲ್ಮ್ ಒದಗಿಸುತ್ತಿತ್ತು. 2009ರಲ್ಲಿ 'ಈಥೋಸ್' ಎಂಬ ಸೇವೆ ಅದರ ಸ್ಥಾನಕ್ಕೆ ಬಂದಿತು. ಇದರ ಕ್ರಮ ಸರಳ. ಹಳೆಯ ಪ್ರಬಂಧಗಳನ್ನೆಲ್ಲ ಒಮ್ಮೆಗೇ ಸ್ಕ್ಯಾನ್ ಮಾಡಲು ಯಾರ ಬಳಿಯೂ ಹಣವಿಲ್ಲ. ಆದ್ದರಿಂದ ಮೊದಲ ಓದುಗ ಕೇಳಿದಾಗ ಆ ಪ್ರಬಂಧವನ್ನು ಸ್ಕ್ಯಾನ್ ಮಾಡುವುದು, ಆಮೇಲೆ ಎಲ್ಲರಿಗೂ ಉಚಿತವಾಗಿ ತೆರೆದಿಡುವುದು. ವೆಚ್ಚವನ್ನು ಕೆಲವೆಡೆ ವಿಶ್ವವಿದ್ಯಾಲಯ ಭರಿಸುತ್ತಿತ್ತು, ಕೆಲವೆಡೆ ಕೇಳಿದ ಓದುಗನೇ ಭರಿಸುತ್ತಿದ್ದ. ಹಳೆಯ ಲೇಖಕರೆಲ್ಲರ ಒಪ್ಪಿಗೆ ಪಡೆಯುವುದು ಅಸಾಧ್ಯವೆಂದು ಅರಿತು, ಲೇಖಕರು ಆಕ್ಷೇಪಿಸಿದರೆ ಕೂಡಲೇ ಹಿಂತೆಗೆದುಕೊಳ್ಳುವ ನೀತಿಯನ್ನು ಅನುಸರಿಸಿದರು. ಆಸ್ಟ್ರೇಲಿಯಾದ್ದು ಮತ್ತೊಂದು ಬಗೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ನೇತೃತ್ವದಲ್ಲಿ ಏಳು ವಿಶ್ವವಿದ್ಯಾಲಯಗಳು 1990ರ ದಶಕದ ಕೊನೆಯಲ್ಲಿ ಆರಂಭಿಸಿದ ಯೋಜನೆಯಲ್ಲಿ ಪ್ರಬಂಧ ಆಯಾ ವಿಶ್ವವಿದ್ಯಾಲಯದಲ್ಲೇ ಉಳಿಯುತ್ತಿತ್ತು. ಸೂಚಿ ಮಾತ್ರ ಒಂದೆಡೆ ಕೂಡುತ್ತಿತ್ತು. 2011ರಲ್ಲಿ ಆ ಯೋಜನೆ ಮುಗಿದಾಗ ಸೂಚಿಯ ಕೆಲಸ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್'ಗೆ ಸೇರಿತು. ಪ್ರಬಂಧಗಳು ಅಲುಗಲಿಲ್ಲ.

ಭಾರತದ ಕಥೆಯನ್ನು ಸಾಮಾನ್ಯವಾಗಿ ಗಾಂಧಿನಗರದಿಂದ ಹೇಳತೊಡಗುತ್ತಾರೆ. ಅದು ಮೈಸೂರಿನಿಂದ ಆರಂಭವಾಗಬೇಕು. 2000ದಲ್ಲಿ ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿ ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 'ವಿದ್ಯಾನಿಧಿ' ಎಂಬ ಯೋಜನೆ ಹುಟ್ಟಿತು. ಭಾರತದ ಡಾಕ್ಟರೇಟ್ ಪ್ರಬಂಧಗಳಿಗಾಗಿ ಒಂದು ಡಿಜಿಟಲ್ ಗ್ರಂಥಾಲಯ ಕಟ್ಟುವುದು ಅದರ ಗುರಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಪ್ರಬಂಧಗಳ ಭಂಡಾರವನ್ನು ತೆರೆದದ್ದೂ ಅದೇ ದಶಕದಲ್ಲಿ. ವಿದ್ಯಾನಿಧಿಯನ್ನು ಕನ್ನಡದವರು ನೆನೆಯಬೇಕಾದ ವಿಶೇಷ ಕಾರಣವೊಂದಿದೆ. ಇಂಗ್ಲಿಷ್ ಅಲ್ಲದ ಪ್ರಬಂಧಗಳ ಶೀರ್ಷಿಕೆ, ಲೇಖಕ, ಮಾರ್ಗದರ್ಶಕರ ವಿವರಗಳನ್ನು ಆಯಾ ಭಾಷೆಯ ಲಿಪಿಯಲ್ಲೇ, ಯುನಿಕೋಡ್‌ನಲ್ಲಿ ದಾಖಲಿಸಲು ಆ ತಂಡ ಆಗಲೇ ಪ್ರಯತ್ನಿಸಿತ್ತು. ಕನ್ನಡ ಬಲ್ಲವರು ಬರಹ ಮತ್ತು ನುಡಿ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಟೈಪು ಮಾಡಿ ತೃಪ್ತರಾಗಿದ್ದ ದಿನಗಳವು. ರಾಷ್ಟ್ರೀಯ ವ್ಯವಸ್ಥೆ ಶೋಧಗಂಗಾದ ಸುತ್ತ ಕಟ್ಟಿಕೊಂಡಂತೆ ವಿದ್ಯಾನಿಧಿ ಹಿನ್ನೆಲೆಗೆ ಸರಿಯಿತು. ಅದರ ಜೊತೆ, ಲಿಪಿಯ ಬಗ್ಗೆ ಅದು ಎತ್ತಿದ್ದ ಪ್ರಶ್ನೆಯೂ ಸರಿಯಿತು ಎನ್ನಬೇಕಾಗಿದೆ.

ಈಗ ಮೂಲ ವಿಷಯಕ್ಕೆ ಬರುವೆ. ಶೋಧಗಂಗಾದಲ್ಲಿರುವ ಕನ್ನಡ ಪ್ರಬಂಧಗಳನ್ನು ತೆರೆದು ನೋಡಿದವರಿಗೆ ಅವು ಮೂರು ಬಗೆಯಾಗಿ ಕಾಣುತ್ತವೆ. ಕೆಲವು ಹಾಳೆಗಳ ಚಿತ್ರಗಳು ಮಾತ್ರ. ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿ ಅಧ್ಯಾಯವಾರು ಏರಿಸಲಾಗಿದೆ. ಕೆಲವು ಯುನಿಕೋಡ್‌ನಲ್ಲಿವೆ. ನಡುವಿನ ಬಗೆಯೇ ನನ್ನ ಚಿಂತೆಯ ವಿಷಯ. ಅವು ನುಡಿ, ಬರಹ ಅಥವಾ ಬೇರೆ ಖಾಸಗಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧವಾಗಿ ಪಿಡಿಎಫ್ ಆದವು. ತೆರೆಯ ಮೇಲೆ ಅವು ಅಂದವಾದ ಕನ್ನಡ. ಒಳಗೆ ಕನ್ನಡವೇ ಇಲ್ಲ. ಆ ಶೈಲಿಗಳಲ್ಲಿ ಕನ್ನಡದ ಒಂದೊಂದು ಆಕಾರವನ್ನೂ ರೋಮನ್ ಅಕ್ಷರವೊಂದರ ಸಂಕೇತಸ್ಥಾನದಲ್ಲಿ ಕೂರಿಸಲಾಗಿದೆ. ನುಡಿಯಲ್ಲಿ ಟೈಪಿಸಿದ 'ಕನ್ನಡ' ಎಂಬ ಪದವನ್ನೇ ನಕಲಿಸಿ ಬೇರೆಡೆ ಅಂಟಿಸಿದರೆ ಅದು ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದಿಂದ ತೊಡಗಿ, ನಡುವೆ ಬ್ರಿಟಿಷ್ ಪೌಂಡ್ ನಾಣ್ಯದ ಚಿಹ್ನೆಯನ್ನೂ ಹೊತ್ತು, ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಬೀಳುತ್ತದೆ. ಗಣಕಯಂತ್ರಕ್ಕೆ ಗೊತ್ತಿರುವುದು ಆ ಸಾಲು ಮಾತ್ರ. ಯಾವ ಶೋಧಕ ತಂತ್ರಾಂಶಕ್ಕೂ ಆ ಪ್ರಬಂಧದಲ್ಲಿ 'ಅಲ್ಲಮ' ಎಂಬ ಹೆಸರು ಸಿಗುವುದಿಲ್ಲ, ನಾನೂರು ಪುಟ ಅಲ್ಲಮನ ಮೇಲೆಯೇ ಬರೆದಿದ್ದರೂ.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಲಿಪಿಕಾರನ ದೋಷಕ್ಕಿಂತ ಕೆಟ್ಟದ್ದು. ಲಿಪಿಕಾರನು ಒಂದಕ್ಷರ ತಪ್ಪಿ ಬರೆದರೆ ಛಂದಸ್ಸೋ ಅರ್ಥವೋ ನಮ್ಮನ್ನು ಎಚ್ಚರಿಸುತ್ತದೆ. ಇಲ್ಲಿ ಕಣ್ಣಿಗೆ ದೋಷವೇ ಕಾಣುವುದಿಲ್ಲ. ಪ್ರಬಂಧ ಸಲ್ಲಿಸಿದವರಿಗೂ, ಸಹಿ ಹಾಕಿದ ಮಾರ್ಗದರ್ಶಕರಿಗೂ, ಏರಿಸಿದ ಗ್ರಂಥಪಾಲಕರಿಗೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಯಾರನ್ನೂ ದೂರುವಂತಿಲ್ಲ. ನಿಯಮದಲ್ಲಿ 'ವಿದ್ಯುನ್ಮಾನ ಪ್ರತಿ' ಎಂದಿದೆ. ಪ್ರತಿಯೊಳಗಿನ ಅಕ್ಷರ ಯಾವುದಾಗಿರಬೇಕೆಂಬುದು ಇಂಗ್ಲಿಷಿನಲ್ಲಿ ಬರೆಯುವವರಿಗೆ ಹುಟ್ಟುವ ಪ್ರಶ್ನೆಯೇ ಅಲ್ಲ.

ಇದರಿಂದ ಆಗುವ ಹಾನಿ ಕೇವಲ ಹುಡುಕಾಟದ ಅನಾನುಕೂಲವಲ್ಲ. ಕೃತಿಚೌರ್ಯದ ತಪಾಸಣೆಯನ್ನೇ ನೋಡೋಣ. ಆಯೋಗದ 2018ರ ನಿಯಮಾವಳಿ ಶೇಕಡಾ 10ರವರೆಗಿನ ಸಾಮ್ಯವನ್ನು ದಂಡವಿಲ್ಲದ ಮಟ್ಟವೆಂದು ಗುರುತಿಸಿತು. 2019ರಿಂದ 'ಶೋಧಶುದ್ಧಿ' ಎಂಬ ಕಾರ್ಯಕ್ರಮದ ಮೂಲಕ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ತಂತ್ರಾಂಶವನ್ನು ಒದಗಿಸಲಾಗುತ್ತಿದೆ. ಹೋಲಿಕೆ ನಡೆಯುವುದು ಸಂಕೇತಗಳ ಸಾಲುಗಳ ನಡುವೆ. ಒಬ್ಬರು ನುಡಿಯಲ್ಲಿ ಬರೆದುದನ್ನು ಇನ್ನೊಬ್ಬರು ಯುನಿಕೋಡ್‌ನಲ್ಲಿ ಮತ್ತೆ ಟೈಪಿಸಿದರೆ, ಪುಟಕ್ಕೆ ಪುಟ ಒಂದೇ ಆಗಿದ್ದರೂ, ಯಂತ್ರದ ದೃಷ್ಟಿಯಲ್ಲಿ ಅವೆರಡಕ್ಕೂ ಒಂದು ಪದದ ಸಂಬಂಧವೂ ಇಲ್ಲ. ಚಿತ್ರರೂಪದ ಪ್ರಬಂಧಗಳಂತೂ ಹೋಲಿಕೆಗೇ ಸಿಗುವುದಿಲ್ಲ. ಹೀಗಿರುವಾಗ ಕನ್ನಡ ಪ್ರಬಂಧವೊಂದರ ಹಿಂದೆ ಲಗತ್ತಿಸಿದ 'ಸಾಮ್ಯ ಶೇಕಡಾ 3' ಎಂಬ ಪ್ರಮಾಣಪತ್ರ ಯಾವುದನ್ನು ಪ್ರಮಾಣಿಸುತ್ತದೆ? ಪ್ರಾಮಾಣಿಕವಾಗಿ ದುಡಿದವರಿಗೂ ಕದ್ದವರಿಗೂ ಅದು ಒಂದೇ ಸಂಖ್ಯೆಯನ್ನು ಕೊಡಬಲ್ಲುದು. ಇದರಿಂದ ಅನ್ಯಾಯವಾಗುವುದು ಮೊದಲನೆಯವರಿಗೆ.

ಇನ್ನೊಂದು ಹಾನಿ ಉಲ್ಲೇಖದ್ದು. ಒಂದೇ ವಚನಕಾರನ ಮೇಲೆ, ಒಂದೇ ಜಿಲ್ಲೆಯ ಜಾನಪದದ ಮೇಲೆ, ಒಬ್ಬನೇ ಕಾದಂಬರಿಕಾರನ ಮೇಲೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ವಿಷಯ ಪುನರಾವರ್ತನೆಯಾಗುತ್ತಿದೆಯೆಂದು ವಿಚಾರಸಂಕಿರಣಗಳಲ್ಲಿ ಬೇಸರಿಸುತ್ತೇವೆ. ಆದರೆ ಹಿಂದಿನ ಪ್ರಬಂಧದಲ್ಲಿ ಏನಿದೆಯೆಂದು ತಿಳಿಯುವ ದಾರಿ ಇಲ್ಲದಿರುವಾಗ ಅದನ್ನು ಒಪ್ಪುವುದಕ್ಕಾಗಲಿ ಖಂಡಿಸುವುದಕ್ಕಾಗಲಿ ಹೊಸ ಸಂಶೋಧಕನಿಗೆ ಅವಕಾಶವೆಲ್ಲಿ? ಹಾಗಾಗಿ ಪ್ರತಿಯೊಬ್ಬನೂ ಕವಿಯ ಕಾಲ-ದೇಶಗಳಿಂದಲೇ ಮತ್ತೆ ಆರಂಭಿಸುತ್ತಾನೆ. ಮೊದಲ ಅಧ್ಯಾಯದಲ್ಲಿ ಐವತ್ತು ಪುಟ ಎಲ್ಲರಿಗೂ ಗೊತ್ತಿರುವುದನ್ನೇ ಬರೆಯುತ್ತಾನೆ.

ಯುನಿಕೋಡ್ ಎಂದೊಡನೆ ಹಳಗನ್ನಡ ಮತ್ತು ಶಾಸನ ಕ್ಷೇತ್ರದ ಹಿರಿಯರು ಒಂದು ಆಕ್ಷೇಪ ಎತ್ತುವುದುಂಟು: ನಮಗೆ ಬೇಕಾದ ಅಕ್ಷರಗಳೇ ಅದರಲ್ಲಿಲ್ಲವಲ್ಲ, ಎಂದು. ಈ ಆಕ್ಷೇಪ ಒಂದು ಕಾಲಕ್ಕೆ ಸಕಾರಣವಾಗಿತ್ತು. ಱಕಾರ ಮತ್ತು ೞಕಾರ ಎರಡಕ್ಕೂ ಅಲ್ಲಿ ಸ್ಥಾನವಿದೆ. ಆದರೆ ೞಕಾರಕ್ಕೆ ಅಲ್ಲಿ ಕೊಟ್ಟಿರುವ ಹೆಸರು ಇಂಗ್ಲಿಷಿನ 'ಎಫ್' ಧ್ವನಿಯದು! ಯಾರೋ ಮಾಡಿದ ಆರಂಭದ ತಪ್ಪು ಅದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಮಾನಕದ ನಿಯಮವಾದುದರಿಂದ ಹೆಸರು ಹಾಗೆಯೇ ಉಳಿದಿದೆ, ಅಕ್ಷರ ಮಾತ್ರ ಸರಿಯಾಗಿಯೇ ಬಳಕೆಗೆ ಸಿಗುತ್ತದೆ. ಹಳೆಯ ಬರವಣಿಗೆಯ ನಕಾರಪೊಲ್ಲು 2021ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಸೇರಿತು. ನಮಗೆ ಇನ್ನೇನಾದರೂ ಕೊರತೆಯಿದ್ದರೆ ಅದನ್ನು ಸಾಧಾರವಾಗಿ ಬರೆದು ಕೇಳಬೇಕಾದವರು ಶಾಸನ ಮತ್ತು ಛಂದಸ್ಸು ಬಲ್ಲ ನಾವೇ. ತಂತ್ರಜ್ಞರ ಕೈಗೆ ಬಿಟ್ಟರೆ ೞಕಾರ ಮತ್ತೊಮ್ಮೆ ಎಫ್ ಆದೀತು.

ಶೀರ್ಷಿಕೆಗಳ ವಿಷಯ ಇನ್ನೂ ಸಣ್ಣದು, ಆದರೆ ಪ್ರತಿದಿನ ಕಾಡುವಂಥದು. ಅನೇಕ ಕನ್ನಡ ಪ್ರಬಂಧಗಳ ಶೀರ್ಷಿಕೆಗಳು ಭಂಡಾರದಲ್ಲಿ ರೋಮನ್ ಅಕ್ಷರಗಳಲ್ಲಿ ಮಾತ್ರ ಇವೆ. 'ಶರಣ' ಎಂಬುದನ್ನು ಒಬ್ಬರು 'ಎಸ್' ಒಂದರಿಂದ, ಇನ್ನೊಬ್ಬರು 'ಎಸ್‌ಎಚ್' ಸೇರಿಸಿ ಬರೆದಿರುತ್ತಾರೆ. ದೀರ್ಘಸ್ವರವನ್ನು ಕೆಲವರು ಎರಡು 'ಎ' ಹಾಕಿ ತೋರಿಸುತ್ತಾರೆ, ಬಹುಪಾಲು ಜನ ತೋರಿಸುವುದೇ ಇಲ್ಲ. ಹುಡುಕುವವನು ಏರಿಸಿದವನ ಮನಸ್ಸನ್ನು ಊಹಿಸಬೇಕು. ಭಾರತೀಯ ಲಿಪಿಗಳ ಲಿಪ್ಯಂತರಕ್ಕೆ ಅಂತರರಾಷ್ಟ್ರೀಯ ಮಾನಕವೊಂದು 2001ರಿಂದಲೇ ಇದೆ. ಅದನ್ನು ಅನುಸರಿಸುವಷ್ಟು ತಾಳ್ಮೆ ಇಲ್ಲದಿದ್ದರೆ ಶೀರ್ಷಿಕೆಯನ್ನು ಕನ್ನಡದಲ್ಲೇ ಬರೆಯಲಿ. ಭಂಡಾರ ನಡೆಯುವ ತಂತ್ರಾಂಶ ಕನ್ನಡವನ್ನು ಸ್ವೀಕರಿಸುತ್ತದೆ. ತುಂಬುವವರಿಗೆ ಅದು ತೋಚದಿರುವುದಷ್ಟೇ ತೊಡಕು.

2009ಕ್ಕಿಂತ ಹಿಂದಿನ ಪ್ರಬಂಧಗಳ ಸ್ಥಿತಿ ಬೇರೆ. ನಿಯಮ ಅವುಗಳನ್ನು ಮುಟ್ಟಲಿಲ್ಲ. ಮೈಸೂರು, ಧಾರವಾಡ, ಬೆಂಗಳೂರುಗಳ ಕನ್ನಡ ಅಧ್ಯಯನಪೀಠಗಳ ಮೊದಲ ತಲೆಮಾರುಗಳ ಪ್ರಬಂಧಗಳು ಬೆರಳಚ್ಚು ಯಂತ್ರದ ಪ್ರತಿಗಳು. ಅವುಗಳ ಇಂಗಾಲದ ನಕಲುಗಳಲ್ಲಿ ಒತ್ತಕ್ಷರಗಳು ಮಸುಕಾಗಿ, ಗುಡಿಸು-ಕೊಂಬುಗಳನ್ನು ಕೆಲವೊಮ್ಮೆ ಕೈಯಿಂದಲೇ ತಿದ್ದಲಾಗಿದೆ. ನನ್ನ ಅಧ್ಯಯನಕ್ಕೆ ಬೇಕಾದ 1980ರ ದಶಕದ ಒಂದು ಪ್ರಬಂಧವನ್ನು ನೋಡಲು ನಾನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರಡು ಬಾರಿ ಹೋಗಬೇಕಾಯಿತು. ಮೊದಲ ಸಲ ಮಾರ್ಗದರ್ಶಕರ ಪತ್ರವಿತ್ತು, ವಿಭಾಗ ಮುಖ್ಯಸ್ಥರ ಸಹಿ ಇರಲಿಲ್ಲ. ಎರಡನೆಯ ಸಲ ಎರಡೂ ಇದ್ದವು, ನೆರಳಚ್ಚು ತೆಗೆಯಲು ಅನುಮತಿ ಇರಲಿಲ್ಲ. ಎರಡು ದಿನ ಕುಳಿತು ಕೈಯಲ್ಲಿ ಬರೆದುಕೊಂಡೆ. ಆ ಪ್ರಬಂಧದ ಕೊನೆಗಿದ್ದ ಕ್ಷೇತ್ರಕಾರ್ಯದ ಹಾಡುಗಳ ಸಂಗ್ರಹ ಬೇರೆಲ್ಲೂ ಅಚ್ಚಾಗಿಲ್ಲ, ಹಾಡಿದವರು ಈಗ ಇಲ್ಲ. ಜಾನಪದ ಪ್ರಬಂಧಗಳ ಅನುಬಂಧಗಳಲ್ಲಿ ಇಂಥ ಸಾಮಗ್ರಿ ಎಷ್ಟಿದೆಯೆಂದು ಈ ಕ್ಷೇತ್ರದವರಿಗೆ ನಾನು ಹೇಳಬೇಕಾಗಿಲ್ಲ. ವಿಶ್ಲೇಷಣೆ ಹಳತಾಗಬಹುದು, ಅನುಬಂಧ ಹಳತಾದಷ್ಟೂ ಬೆಲೆಯುಳ್ಳದ್ದು.

ಈ ಹಳೆಯ ಪ್ರಬಂಧಗಳ ಮಟ್ಟಿಗೆ ಬ್ರಿಟನ್ನಿನ ಕ್ರಮವೇ ನಮಗೆ ಹೆಚ್ಚು ಹೊಂದುತ್ತದೆಂದು ನನಗೆ ತೋರುತ್ತದೆ. ಎಲ್ಲವನ್ನೂ ಸ್ಕ್ಯಾನ್ ಮಾಡುವ ಭಾರೀ ಯೋಜನೆಗೆ ಅನುದಾನ ಕಾಯುತ್ತಾ ಕುಳಿತರೆ ಗೆದ್ದಲು ಕಾಯುವುದಿಲ್ಲ. ಒಬ್ಬ ಸಂಶೋಧಕ ಕೇಳಿದ ದಿನ ಆ ಒಂದು ಪ್ರಬಂಧವನ್ನು ಸ್ಕ್ಯಾನ್ ಮಾಡಿ, ಅವನಿಗೂ ಕೊಟ್ಟು, ಭಂಡಾರಕ್ಕೂ ಏರಿಸಲಿ. ಹೇಗೂ ಯಾರೂ ಕೇಳದ ಪ್ರಬಂಧಕ್ಕೆ ಮೊದಲು ಹಣ ಸುರಿಯುವ ಅಗತ್ಯವಿಲ್ಲ. ಹಕ್ಕುಸ್ವಾಮ್ಯದ ಪ್ರಶ್ನೆ ಇದೆ, ನಿಜ. 1957ರ ನಮ್ಮ ಕಾಯಿದೆಯಂತೆ ಪ್ರಬಂಧದ ಹಕ್ಕು ಸಾಮಾನ್ಯವಾಗಿ ಬರೆದವರದು, ಅವರ ಆಯುಷ್ಯ ಮತ್ತು ಆನಂತರ 60 ವರ್ಷ. ಆದರೆ ಕನ್ನಡದ ಲೋಕ ಅಷ್ಟೇನೂ ದೊಡ್ಡದಲ್ಲ. ನಿವೃತ್ತ ಪ್ರಾಧ್ಯಾಪಕರ ದೂರವಾಣಿ ಸಂಖ್ಯೆ ಯಾರಾದರೂ ಶಿಷ್ಯರ ಬಳಿ ಇದ್ದೇ ಇರುತ್ತದೆ. ಕೇಳಿದರೆ ಬೇಡವೆನ್ನುವವರು ವಿರಳ, ತಮ್ಮ ಪ್ರಬಂಧವನ್ನು ಈಗಲೂ ಒಬ್ಬರು ಓದಬಯಸಿದ್ದಾರೆಂಬ ಸಂತೋಷ ಪಡುವವರೇ ಹೆಚ್ಚು. ಬರೆದವರು ತೀರಿಕೊಂಡಿದ್ದು ವಾರಸುದಾರರ ಸುಳಿವು ಸಿಗದ ಕಡೆ, ಆಕ್ಷೇಪ ಬಂದರೆ ಹಿಂತೆಗೆಯುವ ನೀತಿ ನ್ಯಾಯವಾದುದೇ ಎಂಬುದನ್ನು ವಿಶ್ವವಿದ್ಯಾಲಯಗಳು ಕಾನೂನು ಬಲ್ಲವರೊಡನೆ ಕುಳಿತು ನಿರ್ಧರಿಸಬೇಕು. ನಿರ್ಧಾರವನ್ನೇ ಮಾಡದೆ ಕೋಣೆಗೆ ಬೀಗ ಹಾಕಿಡುವುದು ಹಕ್ಕಿನ ರಕ್ಷಣೆಯಲ್ಲ.

ಮುಕ್ತವಾಗಿಟ್ಟರೆ ಕದಿಯುತ್ತಾರೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಪ್ರಬಂಧವನ್ನು ಪುಸ್ತಕವಾಗಿ ತರಬೇಕೆಂದಿರುವವರಿಗೆ ಪ್ರಕಾಶಕರು ಹಿಂಜರಿದಾರು ಎಂಬ ಅಂಜಿಕೆಯೂ ಇದೆ. ಎರಡನೆಯದಕ್ಕೆ ಬೇರೆ ದೇಶಗಳು ಕಂಡುಕೊಂಡ ಪರಿಹಾರ, ಕೇಳಿದವರಿಗೆ ಒಂದೆರಡು ವರ್ಷ ಪ್ರಬಂಧವನ್ನು ಮುಚ್ಚಿಡಲು ಅವಕಾಶ ಕೊಡುವುದು. ಇದನ್ನು ನಾವೂ ಉದಾರವಾಗಿ ಕೊಡಬೇಕು. ಪುಸ್ತಕದ ಆಸೆ ತಪ್ಪಲ್ಲ. ಮೊದಲನೆಯ ಮಾತು ಮಾತ್ರ ತಲೆಕೆಳಗಾದ ತರ್ಕ. ಕದಿಯಲು ಅತ್ಯಂತ ಸುರಕ್ಷಿತವಾದ ಪ್ರಬಂಧ ಯಾವುದೆಂದರೆ ಬೇರಾರೂ ನೋಡಲಾಗದ ಪ್ರಬಂಧವೇ. ಎಲ್ಲರೂ ಓದಬಲ್ಲ, ಹುಡುಕಬಲ್ಲ ಪಠ್ಯದಿಂದ ಕದ್ದವನು ಸಿಕ್ಕಿಬೀಳುತ್ತಾನೆ. ಇನ್ನು ಕೆಲವರ ಹಿಂಜರಿಕೆಗೆ ಕಾರಣ ಕಳ್ಳರ ಭಯವಲ್ಲ, ಓದುಗರ ಭಯ. ಇದನ್ನು ವಿಭಾಗದ ಪತ್ರಿಕೆಯಲ್ಲಿ ಬರೆಯುವುದು ಅವಿನಯವೆನಿಸಬಹುದು. ಆದರೂ ನಮ್ಮ ಪ್ರಬಂಧಗಳ ಗುಣಮಟ್ಟ ಕುಸಿದಿದೆಯೆಂದು ಹಿರಿಯರೇ ಹೇಳುತ್ತಿರುವಾಗ, ಆ ಮಾತನ್ನು ಪರೀಕ್ಷಿಸಲು ಪಠ್ಯವನ್ನು ತೆರೆದಿಡುವುದಕ್ಕಿಂತ ಬೇರೆ ದಾರಿ ಯಾವುದಿದೆ?

ಎಲ್ಲವನ್ನೂ ಗಾಂಧಿನಗರಕ್ಕೆ ಕಳಿಸಿ ಕೈತೊಳೆದುಕೊಂಡರೆ ಸಾಕೇ ಎಂಬುದಕ್ಕೂ ಈಚೆಗೆ ಒಂದು ಎಚ್ಚರಿಕೆ ದೊರೆತಿದೆ. 2023ರ ಅಕ್ಟೋಬರ್ ಕೊನೆಯಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆದು ಅದರ ಅನೇಕ ಸೇವೆಗಳು ನಿಂತುಹೋದವು. ಆರು ಲಕ್ಷಕ್ಕೂ ಹೆಚ್ಚು ಪ್ರಬಂಧಗಳ ವಿವರಗಳನ್ನು ಒಳಗೊಂಡಿದ್ದ ಈಥೋಸ್ ಕೂಡ ಅವುಗಳಲ್ಲಿ ಒಂದು. ದಾಳಿಯಾಗಿ ತಿಂಗಳುಗಳು ಉರುಳಿದರೂ ಅದು ಓದುಗರಿಗೆ ದೊರೆಯಲಿಲ್ಲ. ತಮ್ಮದೇ ಭಂಡಾರದಲ್ಲಿ ಪ್ರತಿ ಉಳಿಸಿಕೊಂಡಿದ್ದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಮಾತ್ರ ಆಗಲೂ ಓದಲು ಸಿಕ್ಕವು. ಆಸ್ಟ್ರೇಲಿಯಾದ ಚದುರಿದ ಕ್ರಮ ಹಿಂದೆ ಕೊಂಚ ಹಳ್ಳಿತನದ್ದಾಗಿ ಕಂಡಿದ್ದರೆ, ಈ ಘಟನೆಯ ನಂತರ ಅದರ ವಿವೇಕ ಗೊತ್ತಾಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ತಾವು ಕಳಿಸಿದ ಪ್ರಬಂಧದ ಇನ್ನೊಂದು ಪ್ರತಿಯನ್ನು ತಮ್ಮಲ್ಲಿ, ತೆರೆಯಬಲ್ಲ ರೂಪದಲ್ಲಿ, ಇಟ್ಟುಕೊಂಡಿವೆಯೇ ಎಂಬುದನ್ನು ಒಮ್ಮೆ ವಿಚಾರಿಸುವುದು ಒಳ್ಳೆಯದು.

ಇಲ್ಲಿ ಹೇಳಿದ ಬಹುಪಾಲು ಕೆಲಸಕ್ಕೆ ಆಯೋಗದ ಹೊಸ ಆದೇಶ ಬೇಕಿಲ್ಲ. ಪ್ರಬಂಧ ಯಾವ ರೂಪದಲ್ಲಿ ಸಲ್ಲಬೇಕೆಂಬುದನ್ನು ಆಯಾ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ. ಹಾಳೆಯ ಅಳತೆ, ಸಾಲುಗಳ ಅಂತರ, ರಟ್ಟಿನ ಬಣ್ಣ ಇವುಗಳ ಬಗ್ಗೆ ನಮ್ಮ ಕೈಪಿಡಿಗಳು ಎಷ್ಟು ನಿಷ್ಠುರವಾಗಿವೆಯೆಂಬುದನ್ನು ಪ್ರಬಂಧ ಸಲ್ಲಿಸಿದ ಎಲ್ಲರೂ ಬಲ್ಲರು. ಅದೇ ಕೈಪಿಡಿಯಲ್ಲಿ ಕನ್ನಡ ಪ್ರಬಂಧ ಯುನಿಕೋಡ್‌ನಲ್ಲಿ ಇರತಕ್ಕದ್ದು, ಶೀರ್ಷಿಕೆ ಮತ್ತು ಸಾರಾಂಶ ಕನ್ನಡ ಲಿಪಿಯಲ್ಲಿ ಇರತಕ್ಕದ್ದು ಎಂಬ ಎರಡು ಸಾಲು ಸೇರಿಸಲು ಕನ್ನಡ ಅಧ್ಯಯನ ಮಂಡಳಿಗಳು ಮುಂದಾಗಬೇಕು. ನುಡಿ ಮತ್ತು ಬರಹ ಎರಡರ ಈಚಿನ ಆವೃತ್ತಿಗಳೂ ಯುನಿಕೋಡ್‌ನಲ್ಲಿ ಬರೆಯಬಲ್ಲವು, ಕೀಲಿಮಣೆಯ ಅಭ್ಯಾಸ ಬದಲಿಸಬೇಕಾಗಿಲ್ಲ. ಮೌಖಿಕ ಪರೀಕ್ಷೆಗೆ ಮುನ್ನ ವಿಭಾಗದಲ್ಲಿ ಯಾರಾದರೂ ಒಬ್ಬರು ಕಡತ ತೆರೆದು ಒಂದು ಕನ್ನಡ ಪದವನ್ನು ಹುಡುಕಿ ನೋಡಿದರೆ ಸಾಕು. ಸಿಕ್ಕರೆ ಸರಿ, ಸಿಗದಿದ್ದರೆ ಹಿಂದಿರುಗಿಸಲಿ.

ಕಾಲ ಕಾಯದ ಕೆಲಸವೊಂದು ಬೇರೆ ಇದೆ. 1990ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷಗಳ ಕನ್ನಡ ಪ್ರಬಂಧಗಳು ಗಣಕಯಂತ್ರದಲ್ಲೇ ಸಿದ್ಧವಾದವು. ಅವುಗಳ ಮೂಲ ಕಡತಗಳು ಒಂದು ಕಾಲಕ್ಕೆ ಇದ್ದವು. ಕೆಲವು ಪ್ರಬಂಧದ ಹಿಂದಿನ ರಟ್ಟಿಗೆ ಅಂಟಿಸಿದ ಸಿ.ಡಿ.ಗಳಲ್ಲಿವೆ. ಕೆಲವು ಧಾರವಾಡ, ಮೈಸೂರು, ಕಲಬುರಗಿಗಳ ವಿಶ್ವವಿದ್ಯಾಲಯಗಳ ಎದುರಿನ ಬೀದಿಗಳಲ್ಲಿ ಪ್ರಬಂಧಗಳನ್ನು ಟೈಪು ಮಾಡಿಕೊಟ್ಟ ಡಿ.ಟಿ.ಪಿ. ಅಂಗಡಿಗಳ ಹಳೆಯ ಯಂತ್ರಗಳಲ್ಲಿ ಉಳಿದಿರಬಹುದು. ಮೂಲ ಕಡತ ಸಿಕ್ಕರೆ ಅದನ್ನು ಯುನಿಕೋಡ್‌ಗೆ ಪರಿವರ್ತಿಸುವುದು ಕೆಲವು ನಿಮಿಷಗಳ ಕೆಲಸ. ಅದಕ್ಕೆ ಬೇಕಾದ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಉಳಿಯುವ ತಪ್ಪುಗಳನ್ನು ಒಬ್ಬ ಎಂ.ಎ. ವಿದ್ಯಾರ್ಥಿ ತಿದ್ದಬಲ್ಲ. ಕಡತ ಕಳೆದರೆ ಉಳಿಯುವುದು ಕಾಗದ. ಕಾಗದದಿಂದ ಪಠ್ಯ ತೆಗೆಯಲು ತಿಂಗಳುಗಳು ಬೇಕು. ಆ ಸಿ.ಡಿ.ಗಳನ್ನು ಓದುವ ಸಾಧನ ಈಗಿನ ಗಣಕಯಂತ್ರಗಳಲ್ಲಿ ಇರುವುದೇ ಇಲ್ಲ. ಅಂಗಡಿಗಳೂ ಒಂದೊಂದಾಗಿ ಮುಚ್ಚುತ್ತಿವೆ. ಈ ವರ್ಷ ಪಿಎಚ್.ಡಿ. ಪೂರ್ವಸಿದ್ಧತಾ ಕೋರ್ಸಿಗೆ ಸೇರುವ ಪ್ರತಿ ವಿದ್ಯಾರ್ಥಿಗೂ ತನ್ನ ವಿಷಯಕ್ಕೆ ಹತ್ತಿರದ ಒಂದು ಹಳೆಯ ಪ್ರಬಂಧದ ಮೂಲ ಕಡತವನ್ನು ಹುಡುಕಿ, ಬರೆದವರ ಲಿಖಿತ ಒಪ್ಪಿಗೆಯೊಡನೆ ಪರಿವರ್ತಿಸಿ ಒಪ್ಪಿಸುವ ಕಾರ್ಯವನ್ನು ವಹಿಸಬಹುದು. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಅದಕ್ಕೆ ಅಂಕಗಳನ್ನೂ ಇಡಬಹುದು.